ಫ್ಲಾಪಿ ಡ್ರೈವ್ ಗುಜರಿಗೆ ಹಾಕುವ ಮುನ್ನ

ಕಪಾಟಿನ ಮೂಲೆಯಲ್ಲಿದ್ದ ಫ್ಲಾಪಿ ಡ್ರೈವನ್ನು ಗುಜರಿಯವನ ತಕ್ಕಡಿಗೆ ಹಾಕಲು ಹೊರಟಿದ್ದೀರಾ? ಸ್ವಲ್ಪ ತಡೆಯಿರಿ. ಪಕ್ಕದ ಡಬ್ಬಿಯಲ್ಲಿರುವ ಫ್ಲಾಪಿಗಳನ್ನು ಒಮ್ಮೆಯಾದರೂ ತೆಗೆದು ನೋಡಿದ್ದೀರಾ? ಮಗಳ ಕಾಲೇಜು ಪ್ರಾಜೆಕ್ಟು, ಮಾವನವರು ಟೈಪು ಮಾಡಿಸಿದ ವಂಶವೃಕ್ಷ, ಏನೇನಿದೆಯೋ! ಸೋನಿಯವರು ಜಪಾನಿನಲ್ಲಿ ಫ್ಲಾಪಿ ಮಾರುವುದನ್ನು 2011ರಲ್ಲೇ ನಿಲ್ಲಿಸಿದರು. ನಿಮ್ಮ ಡಬ್ಬಿಯಲ್ಲಿರುವುದಕ್ಕೆ ಅದಕ್ಕಿಂತ ಹೆಚ್ಚೇ ವಯಸ್ಸಾಗಿರುತ್ತದೆ. ಅದು ಪೂರ್ತಿ ಕೆಡುವ ಮೊದಲು ಒಳಗಿರುವುದನ್ನು ಹೊರತೆಗೆಯಿರಿ. ಈ ಡ್ರೈವಿನಿಂದ ಈಗ ಆಗಬೇಕಾದ ದೊಡ್ಡ ಕೆಲಸ ಅದೇ.

ಮೊದಲು ವೈರಿನ ತುದಿ ನೋಡಿ. ಯುಎಸ್‌ಬಿ ಇದ್ದರೆ ಪುಣ್ಯ, ಈಗಿನ ಕಂಪ್ಯೂಟರಿಗೂ ಸಾಮಾನ್ಯವಾಗಿ ಹೊಂದುತ್ತದೆ. ಹಬ್ಬಿಗೆ ಬೇಡ, ನೇರವಾಗಿ ಕಂಪ್ಯೂಟರಿಗೇ ಚುಚ್ಚಿ. ಹಳೆ ಲ್ಯಾಪ್‌ಟಾಪಿನ ಜೊತೆ ಬಂದ ಅಗಲ ಪ್ಲಗ್ಗಾದರೆ ಅದು ಆ ಲ್ಯಾಪ್‌ಟಾಪಿಗೇ ಮೀಸಲು. ಬೇರೆಲ್ಲಿಗೂ ತುರುಕಲು ಹೋಗಬೇಡಿ.

ಫ್ಲಾಪಿಯನ್ನು ಹಾಗೇ ಒಳಗೆ ತಳ್ಳುವ ಅಭ್ಯಾಸ ಬಿಡಿ. ಲೋಹದ ಮುಚ್ಚಳ ಸರಿಸಿ, ಬೆಳಕಿಗೆ ಹಿಡಿದು, ಒಳಗಿನ ಕಂದು ಬಿಲ್ಲೆಯನ್ನು ಮೆಲ್ಲಗೆ ತಿರುಗಿಸಿ ನೋಡಿ. ಬಿಳಿ ಚುಕ್ಕೆ ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ಮಳೆಗಾಲಗಳನ್ನು ಕಂಡ ಫ್ಲಾಪಿಗಳಿಗೆ ಇದರ ಕಾಟ ಹೆಚ್ಚು. ಅಂಥ ಫ್ಲಾಪಿ ಹಾಕಿದರೆ ಬೂಷ್ಟು ಡ್ರೈವಿನ ಹೆಡ್ಡಿಗೆ ಅಂಟಿ, ಆಮೇಲೆ ಹಾಕುವ ಒಳ್ಳೆಯ ಫ್ಲಾಪಿಯೂ ಗೀಚಿಹೋಗುತ್ತದೆ. ಅಂಥವನ್ನು ಬೇರೆ ಇಡಿ. ಮುಚ್ಚಳದ ಎದುರು ತುದಿಯ ಮೂಲೆಯಲ್ಲಿ ಜಾರುವ ಪುಟ್ಟ ಗುಂಡಿಯೊಂದಿದೆ. ಕಿಂಡಿ ತೆರೆದುಕೊಳ್ಳುವಂತೆ ಅದನ್ನು ಸರಿಸಿದರೆ ಯಾರೂ ಅಕಸ್ಮಾತ್ ಅಳಿಸಲಾರರು.

‘ಫಾರ್ಮ್ಯಾಟ್ ಮಾಡಬೇಕೆ’ ಎಂದು ಕಂಪ್ಯೂಟರ್ ಕೇಳಿದರೆ ಯಾವ ಕಾರಣಕ್ಕೂ ಹೂಂ ಅನ್ನಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ. ತೆಗೆದು ಮತ್ತೊಮ್ಮೆ ಹಾಕಿ, ಆಗದಿದ್ದರೆ ಇನ್ನೊಬ್ಬರ ಡ್ರೈವಿನಲ್ಲಿ ನೋಡಿ. ಒಂದು ಓದದ್ದನ್ನು ಇನ್ನೊಂದು ಓದುವುದುಂಟು. ಫೈಲುಗಳನ್ನು ಫ್ಲಾಪಿಯಲ್ಲೇ ತೆರೆಯಬೇಡಿ, ಮೊದಲು ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ. ಆಮೇಲೆ ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇರಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಫಲ?

ಹಳೆ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪು ಮಾಡಿದ ಕನ್ನಡ ಫೈಲು ತೆರೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣಬಹುದು. ಹಾಳಾಯಿತೆಂದು ಅಳಿಸಿಬಿಟ್ಟೀರಿ ಜೋಕೆ! ಆಗಿನ ಫಾಂಟು ಹಾಕಿದರೆ ಓದಲು ಬರುತ್ತದೆ. ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳೂ ಇವೆ.

ಹಳೆ ಎಂಬ್ರಾಯ್ಡರಿ ಯಂತ್ರಕ್ಕೆ ಡಿಸೈನು ತುಂಬಲು, ಫ್ಲಾಪಿಯಲ್ಲೇ ಫೋಟೊ ಉಳಿಸುತ್ತಿದ್ದ ಸೋನಿ ಮಾವಿಕಾ ಕ್ಯಾಮರಾದ ಚಿತ್ರ ಇಳಿಸಲು ಕೂಡ ಈ ಡ್ರೈವ್ ಬೇಕಾದೀತು. ನಿಮ್ಮ ಕೆಲಸ ಮುಗಿದರೆ ನೆಂಟರಿಗೆ, ನೆರೆಯವರಿಗೆ ಕೊಡಿ. ವಾಪಸು ಕೇಳಲು ಸಂಕೋಚ ಬೇಡ. ಹೊಸದಾಗಿ ಏನನ್ನೂ ಫ್ಲಾಪಿಯಲ್ಲಿ ಇಡಬೇಡಿ. 1.44 ಎಂಬಿಯಲ್ಲಿ ಈಗಿನ ಫೋನಿನ ಒಂದು ಫೋಟೊ ಹಿಡಿಸುವುದೂ ಕಷ್ಟ.

ಫ್ಲಾಪಿಗಳನ್ನು ಎಸೆಯುವುದೇ ಆದರೆ ಮನೆಯ ಲೆಕ್ಕಪತ್ರ ಇದ್ದವನ್ನು ಇಡಿಯಾಗಿ ಕೊಡಬೇಡಿ. ಒಳಗಿನ ಬಿಲ್ಲೆಯನ್ನು ಕತ್ತರಿಯಿಂದ ನಾಲ್ಕು ತುಂಡು ಮಾಡಿ, ಉಳಿದದ್ದನ್ನು ಇ-ತ್ಯಾಜ್ಯ ಸಂಗ್ರಹಿಸುವವರ ಕೈಗೆ ಕೊಡಿ.