ನಿಂತವನಿಗೆ ಕಾಣುವ ನಗರ
(ಬೀದಿ ಮತ್ತು ಭೂದೃಶ್ಯಗಳ ಛಾಯಾಗ್ರಹಣವನ್ನು ಕುರಿತು)

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ

ಕಂಡದ್ದನ್ನು ಉಳಿಸಿಕೊಳ್ಳಬೇಕೆಂಬುದು ಮಾನವನ ಬಹು ಹಳೆಯ ಆಸೆ. ಗವಿಯ ಗೋಡೆಯ ಮೇಲೆ ಬೇಟೆಯ ಚಿತ್ರ ಬರೆದವನಲ್ಲಿಯೂ, ಬೇಲೂರಿನ ಕಲ್ಲಿನಲ್ಲಿ ಕನ್ನಡಿ ಹಿಡಿದ ಸುಂದರಿಯನ್ನು ಕಡೆದ ಶಿಲ್ಪಿಯಲ್ಲಿಯೂ ಇದ್ದದ್ದು ಇದೇ ಆಸೆ. ಚಿತ್ರ ಬರೆಯಲು ಕೈ ಬಾರದವನೂ ಈ ಆಸೆಯನ್ನು ತೀರಿಸಿಕೊಳ್ಳಬಹುದೆಂದು ತೋರಿಸಿಕೊಟ್ಟದ್ದು ಛಾಯಾಗ್ರಹಣ. ಇಂದು ನಮ್ಮಲ್ಲಿ ಬಹುಮಂದಿಯ ಜೇಬಿನಲ್ಲಿರುವ ಫೋನಿನಲ್ಲಿಯೇ ಒಂದು ಕ್ಯಾಮರಾ ಇದೆ. ಆದರೆ ನಾವು ತೆಗೆದ ಚಿತ್ರಗಳೆಷ್ಟು, ಅವುಗಳಲ್ಲಿ ಎರಡನೆಯ ಸಲ ನೋಡಿದವೆಷ್ಟು ಎಂದು ಕೇಳಿಕೊಂಡರೆ ಉತ್ತರ ಹೇಳಲು ನಾಚಿಕೆಯಾಗುತ್ತದೆ. ನಾನು ಈ ಕಲೆಯಲ್ಲಿ ಪರಿಣತನಲ್ಲ. ಎರಡು ವರ್ಷ ಮುಂಜಾನೆ ಪತ್ರಿಕೆ ಹಂಚಿ ಕೂಡಿಟ್ಟ ಹಣದಲ್ಲಿ ಒಂದು ಹಳೆಯ ಕ್ಯಾಮರಾ ಕೊಂಡು, ಮೈಸೂರಿನ ಬೀದಿಗಳಲ್ಲಿ ಅಲೆದ ಹವ್ಯಾಸಿ ಮಾತ್ರ. ಓದಿ ತಿಳಿದದ್ದನ್ನೂ, ತಪ್ಪು ಮಾಡಿ ಕಲಿತದ್ದನ್ನೂ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಬೀದಿಯ ಛಾಯಾಚಿತ್ರದ ಚರಿತ್ರೆ ಛಾಯಾಗ್ರಹಣದಷ್ಟೇ ಹಳೆಯದು. 1838ರಲ್ಲಿ ಪ್ಯಾರಿಸ್ಸಿನ ಲೂಯಿ ಡಗೇರ್ ಎಂಬಾತನು ಎತ್ತರದ ಕಿಟಕಿಯೊಂದರಿಂದ ‘ಬುಲ್ವಾರ್ ದ್ಯು ತಾಂಪ್ಲ್’ ಎಂಬ ದೊಡ್ಡ ಬೀದಿಯ ಚಿತ್ರ ತೆಗೆದನು. ಬೆಳ್ಳಿಯ ಲೇಪವಿದ್ದ ತಾಮ್ರದ ತಗಡನ್ನು ಹಲವು ನಿಮಿಷಗಳ ಕಾಲ ಬೆಳಕಿಗೆ ಒಡ್ಡಬೇಕಾಗಿದ್ದ ದಿನಗಳವು. ಅದು ಹಗಲು ಹೊತ್ತು. ಬೀದಿಯ ತುಂಬ ಜನರೂ ಗಾಡಿಗಳೂ ಇದ್ದಿರಲೇಬೇಕು. ಆದರೆ ಚಿತ್ರದಲ್ಲಿ ಬೀದಿ ಬರಿದಾಗಿದೆ! ಚಲಿಸುತ್ತಿದ್ದವರಾರೂ ತಗಡಿನ ಮೇಲೆ ನೆಲೆ ನಿಲ್ಲಲಿಲ್ಲ. ಒಂದು ಮೂಲೆಯಲ್ಲಿ ಒಬ್ಬ ಮನುಷ್ಯ ಮಾತ್ರ ಸ್ಪಷ್ಟವಾಗಿ ಕಾಣುತ್ತಾನೆ. ಅವನು ಒಂದು ಕಾಲನ್ನು ಮುಂದಿಟ್ಟು ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತ ನಿಂತಿದ್ದನು, ನಿಂತದ್ದರಿಂದಲೇ ಉಳಿದನು. ಪಾಲಿಷ್ ಹಾಕುತ್ತಿದ್ದವನೂ ಅಲ್ಲಿದ್ದಾನೆ. ಆದರೆ ದುಡಿಯುತ್ತ ಅಲುಗಾಡುತ್ತಿದ್ದುದರಿಂದ ಅವನ ರೂಪ ಕಲಸಿಹೋಗಿದೆ. ಛಾಯಾಚಿತ್ರದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯರು ಇವರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇಬ್ಬರ ಹೆಸರೂ ಯಾರಿಗೂ ತಿಳಿಯದು.

ಅದೇ ಪ್ಯಾರಿಸ್ಸಿನಲ್ಲಿ ಅರುವತ್ತು ವರ್ಷಗಳ ತರುವಾಯ ಯೂಜೀನ್ ಅಟ್ಜೇ ಎಂಬಾತನು ಬೀದಿಗಿಳಿದನು. ನಾವಿಕನಾಗಿ, ನಟನಾಗಿ ಬದುಕು ಕಟ್ಟಿಕೊಳ್ಳಲಾರದೆ ಕ್ಯಾಮರಾ ಹಿಡಿದವನೀತ. 18×24 ಸೆಂಟಿಮೀಟರಿನ ಗಾಜಿನ ಫಲಕಗಳನ್ನೂ ಮರದ ಕ್ಯಾಮರಾವನ್ನೂ ಹೊತ್ತು, ಕೆಡವಲಿದ್ದ ಹಳೆಯ ಓಣಿಗಳು, ಅಂಗಡಿಯ ಮುಂಭಾಗಗಳು, ಬೀದಿಯ ವ್ಯಾಪಾರಿಗಳು, ಉದ್ಯಾನಗಳು ಎಲ್ಲವನ್ನೂ ಚಿತ್ರಿಸಿದನು. ತನ್ನನ್ನು ಕಲಾವಿದನೆಂದು ಅವನು ಕರೆದುಕೊಳ್ಳಲಿಲ್ಲ. ಚಿತ್ರಕಾರರಿಗೆ ದಾಖಲೆಗಳನ್ನು ಒದಗಿಸುವವನೆಂದು ಹೇಳಿಕೊಂಡನು. 1927ರಲ್ಲಿ ಅವನು ತೀರಿಕೊಂಡ ಮೇಲೆ ಬೆರೆನಿಸ್ ಆಬಟ್ ಎಂಬ ಅಮೆರಿಕದ ಮಹಿಳೆ ಅವನ ಉಳಿದ ಫಲಕಗಳನ್ನು ಕೊಂಡು ಕಾಪಾಡಿದಳು. ಇಂದು ಅಟ್ಜೇ ಕಂಡ ಪ್ಯಾರಿಸ್ಸಿನ ಎಷ್ಟೋ ಭಾಗ ಅವನ ಚಿತ್ರಗಳಲ್ಲಿ ಮಾತ್ರ ಉಳಿದಿದೆ.

ಇದು ದೂರದ ಊರಿನ ಮಾತೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಮೈಸೂರಿನಲ್ಲಿಯೇ 2012ರ ಆಗಸ್ಟ್ ತಿಂಗಳಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಬಿದ್ದಿತು. ಉಳಿಸಬೇಕೋ ಕೆಡವಬೇಕೋ ಎಂಬ ವಾದ ಆ ಮೇಲೆ ವರ್ಷಗಟ್ಟಲೆ ನಡೆಯಿತು. ವಾದ ಹೇಗೇ ಮುಗಿಯಲಿ, ಊರಿನ ರೂಪ ನಾವು ನೋಡುತ್ತಿದ್ದಂತೆಯೇ ಬದಲಾಗುತ್ತದೆಂಬುದು ನಿಶ್ಚಯ. ಅದನ್ನು ದಾಖಲಿಸುವ ಕೆಲಸಕ್ಕೆ ಪಂಡಿತರೇ ಬರಬೇಕೆಂದಿಲ್ಲ. ವಿದ್ಯಾರ್ಥಿಗಳಾದ ನಾವೂ ಮಾಡಬಹುದು.

ಬೀದಿ ಛಾಯಾಗ್ರಹಣಕ್ಕೆ ಇಂದಿನ ರೂಪ ಬಂದದ್ದು ಸಣ್ಣ ಕ್ಯಾಮರಾದಿಂದ. ಜರ್ಮನಿಯ ಆಸ್ಕರ್ ಬಾರ್ನಾಕ್ ರಚಿಸಿದ ಲೈಕಾ ಕ್ಯಾಮರಾ 1925ರಲ್ಲಿ ಮಾರುಕಟ್ಟೆಗೆ ಬಂದಿತು. 24×36 ಮಿಲಿಮೀಟರಿನ ಫಿಲ್ಮು, ಅಂಗೈಯಲ್ಲಿ ಹಿಡಿಸುವ ಗಾತ್ರ. ಇದನ್ನು ಹಿಡಿದೇ ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸ್ಸೋನ್ (1908–2004) ಲೋಕ ಸುತ್ತಿದನು. 1947–48ರಲ್ಲಿ ಭಾರತದಲ್ಲಿದ್ದು, ಗಾಂಧೀಜಿಯವರನ್ನು ಅವರ ಕೊನೆಯ ದಿನಗಳಲ್ಲಿ ಚಿತ್ರಿಸಿದವನೂ ಈತನೇ. 1952ರಲ್ಲಿ ಪ್ರಕಟವಾದ ಅವನ ಪುಸ್ತಕದ ಇಂಗ್ಲಿಷ್ ಹೆಸರಿನಿಂದ ‘ನಿರ್ಣಾಯಕ ಕ್ಷಣ’ ಎಂಬ ಮಾತು ಪ್ರಸಿದ್ಧವಾಯಿತು. ಆ ಕ್ಷಣವನ್ನು ಓಡುತ್ತ ಹಿಡಿಯಬೇಕೆಂದು ನಾನು ಮೊದಲು ತಿಳಿದಿದ್ದೆ. ಅದು ತಪ್ಪು. ಒಳ್ಳೆಯ ಹಿನ್ನೆಲೆಯನ್ನು ಹುಡುಕಿ, ಬೆಳಕನ್ನು ನೋಡಿ, ಮನುಷ್ಯನೊಬ್ಬನು ಅದರೊಳಕ್ಕೆ ನಡೆದು ಬರುವವರೆಗೆ ಕಾದು ನಿಂತರೆ ಆ ಕ್ಷಣ ತಾನೇ ಬರುತ್ತದೆ.

ನಮಗೆ ಹತ್ತಿರದ ಗುರುವೂ ಇದ್ದಾರೆ. 1923ರಲ್ಲಿ ಮೈಸೂರಿನಲ್ಲಿಯೇ ಹುಟ್ಟಿದ ಟಿ. ಎಸ್. ಸತ್ಯನ್ ಅವರು ಭಾರತದ ಪತ್ರಿಕಾ ಛಾಯಾಗ್ರಾಹಕರಲ್ಲಿ ಅಗ್ರಗಣ್ಯರು. ದೊರೆಗಳನ್ನೂ ಮಂತ್ರಿಗಳನ್ನೂ ಅವರು ಚಿತ್ರಿಸಿದ್ದುಂಟು. ಆದರೆ ಅವರ ಹೆಸರನ್ನು ನಿಲ್ಲಿಸಿದವು ಮಕ್ಕಳ, ಹೆಂಗಸರ, ಸಾಮಾನ್ಯ ಸಂಸಾರಗಳ ದಿನನಿತ್ಯದ ಚಿತ್ರಗಳು. 1977ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು; 2009ರಲ್ಲಿ ಮೈಸೂರಿನಲ್ಲಿಯೇ ಅವರು ಕಾಲವಾದರು. ಅವರ ಚಿತ್ರಗಳಲ್ಲಿರುವ ಬಡವರು ನಗಬಲ್ಲರು, ಆಡಬಲ್ಲರು. ನೋಡುವವನ ಕರುಣೆಗಾಗಿ ಅವರಾರೂ ಕೈಯೊಡ್ಡಿ ನಿಂತಿಲ್ಲ.

ಇನ್ನು ಭೂದೃಶ್ಯದ ವಿಚಾರ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ, ಆದ್ದರಿಂದ ಅದರ ಚಿತ್ರ ಸುಲಭ ಎಂದು ಹಲವರ ಎಣಿಕೆ. ಬೆಟ್ಟ ಓಡದಿದ್ದರೂ ಬೆಳಕು ಓಡುತ್ತದೆ. ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರೋದಯವನ್ನು ಚಿತ್ರಿಸುವಾಗ, ಬೆಳಕನ್ನಳೆಯುವ ಮೀಟರು ಕೈಗೆ ಸಿಗದೆ, ಚಂದ್ರನ ಪ್ರಕಾಶವನ್ನು ನೆನಪಿನಿಂದಲೇ ಲೆಕ್ಕ ಹಾಕಿ ಒಂದೇ ಒಂದು ಚಿತ್ರ ತೆಗೆದನು. ಎರಡನೆಯದಕ್ಕೆ ಸಿದ್ಧನಾಗುವಷ್ಟರಲ್ಲಿ ಸಮಾಧಿಗಳ ಶಿಲುಬೆಗಳ ಮೇಲಿದ್ದ ಬಿಸಿಲು ಜಾರಿಹೋಗಿತ್ತು.

ಚಾಮುಂಡಿ ಬೆಟ್ಟ ನಮ್ಮ ಊರಿನ ಆಗ್ನೇಯಕ್ಕಿದೆ. ಆದ್ದರಿಂದ ಬೆಳಗ್ಗೆ ಬೆಟ್ಟದ ಮೇಲಿನಿಂದ ಊರನ್ನು ನೋಡಿದರೆ ಸೂರ್ಯನು ನಮ್ಮ ಬೆನ್ನ ಹಿಂದಿರುತ್ತಾನೆ. ಅರಮನೆಯ ಗೋಪುರಗಳೂ ಮನೆಗಳ ಗೋಡೆಗಳೂ ಬೆಳಗುತ್ತವೆ. ಸಂಜೆಯಾದರೆ ಸೂರ್ಯ ಎದುರಾಗಿ ಊರೆಲ್ಲ ಬರಿಯ ನೆರಳಿನ ಆಕಾರವಾಗುತ್ತದೆ. ಧನುರ್ಮಾಸದ ಮುಂಜಾನೆಗಳಲ್ಲಿ ಮಂಜು ಕವಿದಿದ್ದರೆ ಎತ್ತರದ ಕಟ್ಟಡಗಳು ಮಾತ್ರ ತಲೆಯೆತ್ತಿ ನಿಲ್ಲುತ್ತವೆ. ಹೊತ್ತು ಏರಿದ ಮೇಲೆ ಅದೇ ಜಾಗದಲ್ಲಿ ತೆಗೆದ ಚಿತ್ರ ಸಪ್ಪೆ. ಒಂದೇ ಮೆಟ್ಟಿಲಿನ ಮೇಲೆ ನಿಂತು ಬೇರೆ ಬೇರೆ ಹೊತ್ತಿನಲ್ಲಿ ಚಿತ್ರ ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಪುಸ್ತಕ ಕಲಿಸದ ಪಾಠ ದೊರೆಯುತ್ತದೆ.

ಈಗ ಲೆಕ್ಕದ ವಿಚಾರ ಸ್ವಲ್ಪ. ಚಿತ್ರಕ್ಕೆ ಎಷ್ಟು ಬೆಳಕು ಎಂಬುದನ್ನು ಮೂರು ಅಂಶಗಳು ತೀರ್ಮಾನಿಸುತ್ತವೆ: ಮಸೂರದ ಕಿಂಡಿ ಎಷ್ಟು ತೆರೆದಿದೆ, ಷಟರ್ ಎಷ್ಟು ಹೊತ್ತು ತೆರೆದಿರುತ್ತದೆ, ಬೆಳಕನ್ನು ಗ್ರಹಿಸುವ ಶಕ್ತಿಯಾದ ಐ.ಎಸ್.ಓ. ಎಷ್ಟು. ಐ.ಎಸ್.ಓ. 100 ಇದ್ದು ಪ್ರಖರವಾದ ಬಿಸಿಲಿದ್ದರೆ ಕಿಂಡಿ ಎಫ್/16, ಕಾಲ ಸೆಕೆಂಡಿನ 1/100 ಎಂಬುದು ಹಿರಿಯರ ಸೂತ್ರ. ಕಿಂಡಿಯನ್ನು ಎಫ್/8ಕ್ಕೆ ತೆರೆದರೆ ಬೆಳಕು ನಾಲ್ಕು ಪಾಲಾಗುವುದರಿಂದ ಕಾಲ 1/400 ಸಾಕು. 35 ಮಿಲಿಮೀಟರಿನ ಮಸೂರವನ್ನು ಲೈಕಾ ಅಳತೆಯ ಕ್ಯಾಮರಾದಲ್ಲಿ ಎಫ್/8ಕ್ಕಿಟ್ಟು, 3 ಮೀಟರ್ ದೂರಕ್ಕೆ ಮೊದಲೇ ಹೊಂದಿಸಿಕೊಂಡರೆ, ಸುಮಾರು 2 ಮೀಟರಿನಿಂದ 7 ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿ ಮೂಡುತ್ತದೆ. ಬೀದಿಯಲ್ಲಿ ಹೊಂದಿಸಲು ಸಮಯವಿರುವುದಿಲ್ಲವಾದ್ದರಿಂದ ಈ ಉಪಾಯ ಬಹಳ ಪ್ರಯೋಜನಕಾರಿ.

ಮಾರುಕಟ್ಟೆಯ ಟಾರ್ಪಾಲಿನ ನೆರಳಿಗೆ ಬಂದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಬೆಳಕು ಐದು ಸಲ ಅರ್ಧವಾಯಿತೆನ್ನೋಣ. 1/400 ಇದ್ದದ್ದು ಸುಮಾರು 1/12 ಆಗುತ್ತದೆ. ಕುಳಿತವರ ಮುಖ ಆ ಕಾಲದಲ್ಲಿಯೂ ಸ್ಪಷ್ಟವಾಗಿ ಬಂದೀತು. ಹೂವು ಕಟ್ಟುವ ಬೆರಳುಗಳು ಮಾತ್ರ ಮಾಯವಾಗುತ್ತವೆ. ಐ.ಎಸ್.ಓ.ವನ್ನು 1600ಕ್ಕೆ ಏರಿಸಿದರೆ ಕಾಲ 1/200ಕ್ಕೆ ಬರುತ್ತದೆ, ಬೆರಳುಗಳು ಮರಳಿ ಬರುತ್ತವೆ. ಚಿತ್ರದಲ್ಲಿ ಸ್ವಲ್ಪ ಕಾಳುಕಾಳು ಕಂಡರೂ ಚಿಂತೆಯಿಲ್ಲ.

ಇದನ್ನು ನನಗೆ ಕಲಿಸಿದವರು ನಗರ ಬಸ್ ನಿಲ್ದಾಣದ ಬಳಿ ಕೊಡೆಯ ಕೆಳಗೆ ಕುಳಿತು ಚಪ್ಪಲಿ ಹೊಲಿಯುವ ಒಬ್ಬ ಹಿರಿಯರು. ಅವರಿಗೆ ಹೇಳದೆ ಸಂಜೆಯ ಬೆಳಕಿನಲ್ಲಿ ಒಂದು ಚಿತ್ರ ತೆಗೆದೆ. ಅವರು ನೋಡಿಬಿಟ್ಟರು. “ನನ್ನ ಹಿಡ್ಕೊಂಡ್ ಹೋಗಿ ಏನಪ್ಪಾ ಮಾಡ್ತೀಯ?” ಎಂದರು. ನಾನು ತಬ್ಬಿಬ್ಬಾಗಿ, “ಪ್ರಿಂಟು ತಂದುಕೊಡ್ತೀನಿ, ಯಜಮಾನ್ರೇ” ಎಂದೆ. ಮರುವಾರ ತಂದುಕೊಟ್ಟೆ. ಅವರು ಬಹಳ ಹೊತ್ತು ನೋಡಿ, “ಮುಖ ಚೆನ್ನಾಗೈತೆ. ಕೈಯೇ ಇಲ್ವಲ್ಲಪ್ಪಾ, ಕೆಲಸ ಮಾಡಾದು ಅದು ತಾನೆ?” ಎಂದರು. ನಿಜ, ನಿಧಾನವಾದ ಷಟರಿನಿಂದ ಕೈಗಳು ಕಲಸಿಹೋಗಿದ್ದವು. ಡಗೇರನ ಚಿತ್ರದ ಕಥೆಯನ್ನು ನಾನು ಓದಿದ್ದು ಆ ಮೇಲೆ. ಓದಿದಾಗ ನೆನಪಾದದ್ದು ಇವರ ಮಾತು. ಮತ್ತೆ ಹೋಗಿ, ಪಕ್ಕದಲ್ಲಿ ಅರ್ಧ ಗಂಟೆ ಕುಳಿತು, ಕೇಳಿ, ಕೈಗಳು ಕಾಣುವಂತೆ ಚಿತ್ರ ತೆಗೆದುಕೊಟ್ಟೆ.

ಇಲ್ಲಿಂದ ಒಂದು ಗಂಭೀರವಾದ ಪ್ರಶ್ನೆ ಹುಟ್ಟುತ್ತದೆ. ಅದನ್ನು ಹೇಳಲು ನನ್ನ ಮನೆಯ ವಿಷಯವನ್ನೆತ್ತಬೇಕಾಗಿದೆ, ಓದುಗರು ಮನ್ನಿಸಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ನನ್ನ ತಾಯಿ ದೇವರಾಜ ಮಾರುಕಟ್ಟೆಯಲ್ಲಿ ಹೂವು ಮಾರಿ ನನ್ನನ್ನು ಓದಿಸಿದವರು. ಹೂವಿನ ಸಾಲಿಗೆ ಕ್ಯಾಮರಾ ಹಿಡಿದು ಬರುವವರು ಬಹಳ. ಅಷ್ಟು ವರ್ಷಗಳಲ್ಲಿ ತಾಯಿಯವರ ಚಿತ್ರ ಎಷ್ಟು ಮಂದಿ ತೆಗೆದಿದ್ದಾರೋ ಲೆಕ್ಕವಿಲ್ಲ. ಒಂದು ಪ್ರತಿಯನ್ನಾದರೂ ತಂದುಕೊಟ್ಟವರಿಲ್ಲ.

ಒಮ್ಮೆ ಒಂದು ಛಾಯಾಚಿತ್ರ ಪ್ರದರ್ಶನಕ್ಕೆ ಹೋಗಿದ್ದೆ. ಅಲ್ಲಿ ತಾಯಿಯ ಪಕ್ಕದ ಜಾಗದ ಅಜ್ಜಿಯ ದೊಡ್ಡ ಚಿತ್ರವಿತ್ತು. ಅಜ್ಜಿ ಖಾಲಿ ಬುಟ್ಟಿಗೆ ಒರಗಿ ನಿದ್ದೆ ಹೋಗಿದ್ದಾರೆ. ಕೆಳಗೆ ‘ಬಡತನ’ ಎಂಬ ಶೀರ್ಷಿಕೆ. ಚಿತ್ರ ಸೊಗಸಾಗಿತ್ತು, ನೆರಳು ಬೆಳಕು ಎರಡೂ ಹದವಾಗಿದ್ದವು. ಅದನ್ನು ಫೋನಿನಲ್ಲಿ ತೆಗೆದುಕೊಂಡು ಬಂದು ತಾಯಿಗೆ ತೋರಿಸಿ, ಶೀರ್ಷಿಕೆ ಓದಿ ಹೇಳಿದೆ. ಅವರು ನಕ್ಕುಬಿಟ್ಟರು. “ಬುಟ್ಟಿ ನೋಡೋ, ಖಾಲಿ ಐತೆ. ಅವತ್ತು ಆಯಮ್ಮಂಗೆ ಬೇಗ ವ್ಯಾಪಾರ ಆಗೋಗೈತೆ. ನಾಲ್ಕು ಗಂಟೆಗೆ ಎದ್ದು ಬಂದೋರು ನಿದ್ದೆ ಮಾಡ್ಬಾರ್ದಾ?” ಎಂದರು. ಛಾಯಾಗ್ರಾಹಕನಿಗೆ ಬಡತನವಾಗಿ ಕಂಡ ಖಾಲಿ ಬುಟ್ಟಿ ಹೂವು ಮಾರುವವರಿಗೆ ಒಳ್ಳೆಯ ದಿನದ ಗುರುತು! ಅವನಿಗೆ ಕೌಶಲವಿರಲಿಲ್ಲವೆಂದಲ್ಲ. ಇನ್ನೊಂದು ಗಳಿಗೆ ನಿಂತು, ಅಜ್ಜಿ ಎದ್ದ ಮೇಲೆ ಒಂದು ಮಾತು ಕೇಳಿದ್ದರೆ ಆ ಶೀರ್ಷಿಕೆ ಬರುತ್ತಿರಲಿಲ್ಲ.

ಹಾಗಾದರೆ ಬೀದಿಯಲ್ಲಿ ಪ್ರತಿಯೊಬ್ಬರನ್ನೂ ಕೇಳಿಯೇ ಚಿತ್ರ ತೆಗೆಯಬೇಕೆ? ಕೇಳಿದೊಡನೆ ಸಹಜತೆ ಹೋಗುತ್ತದೆಂದು ಪರಿಣತರು ಹೇಳುತ್ತಾರೆ, ಅದರಲ್ಲಿ ಸತ್ಯವಿದೆ. ಜನಜಂಗುಳಿಯ ಚಿತ್ರಕ್ಕೆ ಅಪ್ಪಣೆ ಬೇಡುವುದು ಸಾಧ್ಯವೂ ಅಲ್ಲ. ಆದರೆ ಒಬ್ಬ ಮನುಷ್ಯನ ಮುಖವೇ ಚಿತ್ರವಾಗುವಾಗ ಮೊದಲಾಗಲಿ ಆ ಮೇಲಾಗಲಿ ಕೇಳುವುದು, ಬೇಡವೆಂದರೆ ಅಳಿಸಿಬಿಡುವುದು, ಸಾಧ್ಯವಾದರೆ ಒಂದು ಪ್ರತಿ ಕೊಡುವುದು, ತಿಳಿಯದ ಶೀರ್ಷಿಕೆ ಹಾಕದಿರುವುದು—ಇಷ್ಟನ್ನಾದರೂ ಪಾಲಿಸಬೇಕೆಂದು ನನ್ನ ಅಲ್ಪಮತಿಗೆ ತೋರುತ್ತದೆ. ನಿದ್ರಿಸುವವರು, ರೋಗಿಗಳು, ದುಃಖದಲ್ಲಿರುವವರು ಇವರ ಚಿತ್ರ ತೆಗೆಯುವ ಮುನ್ನ ‘ಇದು ನನ್ನ ಮನೆಯವರ ಚಿತ್ರವಾಗಿದ್ದರೆ?’ ಎಂದು ಕೇಳಿಕೊಳ್ಳುವುದು ಮೇಲು.

ಪ್ರಾರಂಭಿಸುವ ಸಹಪಾಠಿಗಳಿಗೆ ಒಂದು ಸಲಹೆ. ಊರೆಲ್ಲ ಸುತ್ತಬೇಡಿ. ಒಂದು ಬೀದಿಯನ್ನು ಆರಿಸಿಕೊಂಡು ಒಂದು ತಿಂಗಳು ಅಲ್ಲಿಗೇ ಹೋಗಿ. ಮೊದಲ ವಾರ ಎಲ್ಲರೂ ನಿಮ್ಮನ್ನು ನೋಡುತ್ತಾರೆ. ಎರಡನೆಯ ವಾರ ಯಾರೆಂದು ಕೇಳುತ್ತಾರೆ. ಮೂರನೆಯ ವಾರಕ್ಕೆ ಮರೆತು ತಮ್ಮ ಕೆಲಸದಲ್ಲಿ ತೊಡಗುತ್ತಾರೆ. ಚಿತ್ರಗಳು ದೊರೆಯುವುದು ಆಗ. ದುಬಾರಿ ಕ್ಯಾಮರಾ ಇಲ್ಲವೆಂದು ಕೊರಗಬೇಡಿ; ಫೋನು ಸಾಕು. ಚಿತ್ರದ ಜೊತೆಗೆ ದಿನ, ಸ್ಥಳ, ಹೊತ್ತು ಬರೆದಿಡಿ. ನಮ್ಮ ಅಧ್ಯಾಪಕ ಮಹನೀಯರು ಮನಸ್ಸು ಮಾಡಿ ಕಾಲೇಜಿನಲ್ಲಿ ಒಂದು ಹವ್ಯಾಸಿ ಛಾಯಾಗ್ರಾಹಕರ ಸಂಘವನ್ನು ಏರ್ಪಡಿಸಿದರೆ, ವರ್ಷಕ್ಕೊಂದು ಬೀದಿಯಂತೆ ನಮ್ಮ ಊರಿನ ದಾಖಲೆಯೊಂದು ಗ್ರಂಥಾಲಯದಲ್ಲಿ ಬೆಳೆಯಬಹುದು.

ಕೊನೆಯದಾಗಿ ಒಂದು ಮಾತು. ತಾಯಿಯ ಚಿತ್ರವನ್ನು ನಾನೂ ತೆಗೆದೆ. ಅವರು ಹೂವು ಕಟ್ಟುವಾಗ ಸಹಜವಾಗಿ ತೆಗೆಯಬೇಕೆಂಬುದು ನನ್ನ ಆಸೆ. ಅವರು ಒಪ್ಪಲಿಲ್ಲ. “ಬುಟ್ಟಿ ತುಂಬಿರೋವಾಗ ತೆಗಿ, ನೆಟ್ಟಗೆ ನೋಡ್ತೀನಿ” ಎಂದರು. ಬೆಳಗಿನ ಆರು ಗಂಟೆಗೆ, ಸೇವಂತಿಗೆಯ ರಾಶಿಯ ಹಿಂದೆ, ತಲೆ ಬಾಚಿಕೊಂಡು, ಕ್ಯಾಮರಾವನ್ನೇ ನೋಡುತ್ತ ಕುಳಿತರು. ಬೀದಿ ಛಾಯಾಗ್ರಹಣದ ಲಕ್ಷಣಕ್ಕೆ ಅದು ಹೊಂದುವುದಿಲ್ಲವೆಂದು ಬಲ್ಲವರು ಹೇಳಬಹುದು. ನಮ್ಮ ಮನೆಯ ಗೋಡೆಯ ಮೇಲಿರುವುದು ಅದೇ.