ಚಹಾಕ್ಕೆ ನಿಲ್ಲಿಸಿದರೆ ಸೆಲ್ಫ್ ತೆಗೆದುಕೊಳ್ಳದ ಕಾರು

ಪ್ರಶ್ನೆ: ನನ್ನದು 2011ರ ಪೆಟ್ರೋಲ್ ಕಾರು, ಮ್ಯಾನ್ಯುಯಲ್ ಗೇರು. ಬೆಳಿಗ್ಗೆ ಮನೆಯಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಹುಬ್ಬಳ್ಳಿಗೆ ಹೋಗುವಾಗ ಮುಂಡಗೋಡದಲ್ಲಿ ಚಹಾಕ್ಕೆ ನಿಲ್ಲಿಸಿದರೆ ಮಾತ್ರ ಕೆಲವು ಸಲ ಕೈಕೊಡುತ್ತದೆ. ಕೀ ತಿರುಗಿಸಿದರೆ ‘ಟಕ್’ ಎಂದು ಒಂದೇ ಸದ್ದು, ಮತ್ತೇನೂ ಇಲ್ಲ. ಇಬ್ಬರು ತಳ್ಳಿದರೆ ತಕ್ಷಣ ಸ್ಟಾರ್ಟ್. ಅರ್ಧ ತಾಸು ಬಿಟ್ಟರೂ ತಾನಾಗಿ ಸರಿಹೋಗುತ್ತದೆ. ಹೊಸ ಬ್ಯಾಟರಿ ಹಾಕಿಸಿದ್ದಾಯಿತು. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ನೋಡಿ ಏನೂ ತೊಂದರೆ ಇಲ್ಲ ಎಂದರು. ಹೋದ ವರ್ಷ ಕ್ಲಚ್ ಪ್ಲೇಟ್ ಬದಲಿಸಿದ್ದು ಬಿಟ್ಟರೆ ದೊಡ್ಡ ಕೆಲಸ ಯಾವುದೂ ಆಗಿಲ್ಲ. ಏನಿರಬಹುದು?
– ಓದುಗರೊಬ್ಬರು, ಶಿರಸಿ

ಉತ್ತರ: ಬೇಕಾದ ಸುಳಿವೆಲ್ಲ ಹೆಚ್ಚುಕಡಿಮೆ ನಿಮ್ಮ ಪತ್ರದಲ್ಲೇ ಇದೆ. ಗ್ಯಾರೇಜಿಗೆ ಹೋದಾಗ ಇದನ್ನೆಲ್ಲ ಇಷ್ಟೇ ವಿವರವಾಗಿ ಹೇಳಿದ್ದರೆ ಬ್ಯಾಟರಿಯ ದುಡ್ಡು ಉಳಿಯುತ್ತಿತ್ತೋ ಏನೋ. ‘ಗಾಡಿ ಸ್ಟಾರ್ಟ್ ಆಗ್ತಿಲ್ಲ’ ಎಂದಷ್ಟೇ ಹೇಳಿದರೆ ಯಾವ ಮೆಕ್ಯಾನಿಕ್ ಆದರೂ ಮೊದಲು ಕೈಯಿಡುವುದು ಬ್ಯಾಟರಿಗೇ.

ತಳ್ಳಿದ ಕೂಡಲೇ ಎಂಜಿನ್ ಓಡುತ್ತದೆ ಎಂದ ಮೇಲೆ ಪೆಟ್ರೋಲ್ ಬರುತ್ತಿದೆ, ಪ್ಲಗ್ಗಿನಲ್ಲಿ ಕಿಡಿ ಹಾರುತ್ತಿದೆ, ಕಳ್ಳತನ ತಡೆಯುವ ಇಮೊಬಿಲೈಸರ್ ನಿಮ್ಮ ಕೀಯನ್ನು ಒಪ್ಪಿಕೊಂಡಿದೆ. ಅಷ್ಟನ್ನೂ ಪಟ್ಟಿಯಿಂದ ತೆಗೆದುಬಿಡಿ. ಇನ್ನು ಆ ‘ಟಕ್’. ಸೆಲ್ಫ್ ಮೋಟರಿನ ಬೆನ್ನಿಗೆ ಸೊಲೆನಾಯ್ಡ್ ಎಂಬ ಸಣ್ಣ ಸಿಲಿಂಡರು ಕೂತಿರುತ್ತದೆ. ಕೀ ತಿರುಗಿಸಿದಾಗ ಸಣ್ಣ ವೈರಿನಲ್ಲಿ ಬರುವ ಕರೆಂಟಿಗೆ ಅದರೊಳಗಿನ ಕಬ್ಬಿಣದ ಕಡ್ಡಿ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಎಳೆತಕ್ಕೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಮೋಟರಿನ ಹಲ್ಲು ಫ್ಲೈವೀಲಿಗೆ ಕಚ್ಚುತ್ತದೆ, ಕಡ್ಡಿಯ ತುದಿಯ ತಾಮ್ರದ ಬಿಲ್ಲೆ ಎರಡು ದಪ್ಪ ತಾಮ್ರದ ತುಂಡುಗಳನ್ನು ಸೇರಿಸಿ ಮೋಟರಿಗೆ ಕರೆಂಟ್ ಬಿಡುತ್ತದೆ. ನಿಮಗೆ ಕೇಳಿಸಿದ್ದು ಆ ಕಡ್ಡಿಯ ಸದ್ದು. ಅಂದರೆ ಕೀಯಿಂದ ಹೊರಟ ಅಪ್ಪಣೆ ಸೆಲ್ಫ್‌ವರೆಗೆ ತಲುಪಿದೆ, ಮೋಟರು ತಿರುಗಿಲ್ಲ. (ಬ್ಯಾಟರಿ ಇಳಿದಿದ್ದರೆ ಸಾಮಾನ್ಯವಾಗಿ ಕೇಳಿಸುವುದು ‘ಟಕಟಕಟಕ’ ಎಂಬ ಸರಣಿ. ಕಡ್ಡಿ ಎಳೆದುಕೊಳ್ಳುತ್ತದೆ, ಮೋಟರಿಗೆ ಕರೆಂಟ್ ಹೋದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಕಡ್ಡಿ ಬಿಟ್ಟುಕೊಳ್ಳುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ.)

ಹಾಗಾಗಿ ಸಂಶಯ ಉಳಿಯುವುದು ನಾಲ್ಕರ ಮೇಲೆ: ಬ್ಯಾಟರಿಯಿಂದ ಸೆಲ್ಫ್‌ಗೆ ಬರುವ ದಪ್ಪ ಕೇಬಲ್, ಸೊಲೆನಾಯ್ಡಿನ ತಾಮ್ರ, ಮೋಟರಿನ ಕಾರ್ಬನ್ ಬ್ರಷ್, ಎಂಜಿನ್ನಿನಿಂದ ಬ್ಯಾಟರಿಗೆ ಮರಳುವ ಅರ್ತಿಂಗ್. ನನ್ನ ಮೊದಲ ಗುಮಾನಿ ಅರ್ತಿಂಗ್ ಮೇಲೆ, ಕಾರಣ ನಿಮ್ಮ ಕ್ಲಚ್ ಕೆಲಸ. ಕ್ಲಚ್ ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಅದಕ್ಕೂ ಮೊದಲು ಸೆಲ್ಫ್ ಬಿಚ್ಚಬೇಕು. ಅನೇಕ ಕಾರುಗಳಲ್ಲಿ ಅರ್ತಿಂಗ್ ವೈರು ಗೇರ್‌ಬಾಕ್ಸಿನ ಮೈಗೇ ಬೋಲ್ಟ್ ಆಗಿರುತ್ತದೆ, ಅದನ್ನೂ ಕಳಚಬೇಕು. ಮರಳಿ ಕೂರಿಸುವಾಗ ವೈರಿನ ತುದಿಯ ಲಗ್ಗಿನ ಕೆಳಗೆ ಮಣ್ಣೋ ಆಯಿಲೋ ಉಳಿದರೆ, ಬೋಲ್ಟು ಅರ್ಧ ಸುತ್ತು ಸಡಿಲವಿದ್ದರೆ, ಆ ದಿನ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಕಡೆಯ ಮಳೆಗಾಲ ಒಂದು ಕಳೆಯಲಿ, ಅಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ.

ಅಷ್ಟಾದರೂ ದೀಪ, ಹಾರನ್ ಎಲ್ಲ ನಡೆಯುತ್ತವಲ್ಲ ಎಂದು ನೀವು ಕೇಳಬಹುದು. ಹೆಡ್‌ಲೈಟ್ ಎರಡೂ ಸೇರಿ ಎಳೆಯುವುದು ಸುಮಾರು 10 ಆಂಪಿಯರ್. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್‌ಗೆ 100ರಿಂದ 150 ಆಂಪಿಯರ್ ಬೇಕು. ದಾರಿಯಲ್ಲಿ ಓಮ್‌ನ ನೂರನೇ ಒಂದು ಭಾಗದಷ್ಟು ಅಡ್ಡಿಯಿದ್ದರೆ ಹೆಡ್‌ಲೈಟಿನ ಕರೆಂಟಿಗೆ ನಷ್ಟವಾಗುವುದು ವೋಲ್ಟಿನ ಹತ್ತನೇ ಒಂದು ಭಾಗ. 150 ಆಂಪಿಯರಿಗೆ ಅದೇ ಅಡ್ಡಿಯಲ್ಲಿ ಒಂದೂವರೆ ವೋಲ್ಟ್ ಹೋಗುತ್ತದೆ.

ಚಹಾದ ಹೊತ್ತಿಗೇ ಯಾಕೆ? ಓಡುವ ಎಂಜಿನ್ನಿಗೆ ಗಾಳಿ ಬಡಿಯುತ್ತಿರುತ್ತದೆ, ಕೂಲೆಂಟ್ ಸುತ್ತುತ್ತಿರುತ್ತದೆ. ನಿಲ್ಲಿಸಿದ ಕೂಡಲೇ ಎರಡೂ ನಿಂತು, ಎಂಜಿನ್ನಿನ ಶಾಖವೆಲ್ಲ ಬಾನೆಟ್ಟಿನ ಕೆಳಗೇ ಉಳಿದು, ಸುತ್ತಲಿನ ಭಾಗಗಳು ಓಡುವಾಗಿನದಕ್ಕಿಂತ ಹೆಚ್ಚು ಕಾಯುತ್ತವೆ. ಹತ್ತು ಹದಿನೈದು ನಿಮಿಷದ ನಿಲುಗಡೆ ಸೆಲ್ಫ್‌ನ ಪಾಲಿಗೆ ಅತಿ ಕೆಟ್ಟ ಹೊತ್ತು. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇ 0.4ರಷ್ಟು ಏರುತ್ತದೆ. 60 ಡಿಗ್ರಿ ಕಾದರೆ ಹೆಚ್ಚುಕಡಿಮೆ ಕಾಲುಭಾಗ ಏರಿತು. ಬೆಳಗಿನ ತಣ್ಣನೆಯ ಹೊತ್ತಲ್ಲಿ ಹೇಗೋ ಸಾಗಿಹೋಗುವ ಸವೆದ ತಾಮ್ರ, ಸಡಿಲ ಲಗ್ಗು ಈಗ ಸಾಲದಾಗುತ್ತವೆ. ಅರ್ಧ ತಾಸು ಬಿಟ್ಟರೆ ಆರುತ್ತದೆ, ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿನಲ್ಲಿ ಸರದಿಗೆ ಕಾದು ನಿಲ್ಲುವಷ್ಟರಲ್ಲಿ ನಿಮ್ಮ ಕಾರೂ ಆರಿಯೇ ಇರುತ್ತದೆ. ಸ್ಕ್ಯಾನರ್ ಸುಳ್ಳು ಹೇಳಿತೆಂದೂ ಅಲ್ಲ. ಆ ಕಾಲದ ಕಾರುಗಳಲ್ಲಿ ಕಂಪ್ಯೂಟರು ನೋಡಿಕೊಳ್ಳುವುದು ಮುಖ್ಯವಾಗಿ ಎಂಜಿನ್ನಿನ ಸೆನ್ಸರುಗಳನ್ನು. ಅರ್ತಿಂಗ್ ಬೋಲ್ಟ್ ಸಡಿಲವಾಗಿದ್ದರೆ ಅದಕ್ಕೊಂದು ಕೋಡ್ ಬರುವುದಿಲ್ಲ.

ಆದ್ದರಿಂದ ಇದನ್ನು ಹಿಡಿಯಬೇಕಾದವರು ನೀವೇ, ಮುಂಡಗೋಡದಲ್ಲೇ. ಮುಂದಿನ ಸಲ ‘ಟಕ್’ ಎಂದಾಗ ತಳ್ಳಿಸುವ ಆತುರ ಬೇಡ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲಕ್ಕೆ. ಒಳಗಿನ ಚಾವಣಿ ದೀಪ ಹಾಕಿ, ಅದನ್ನೇ ನೋಡುತ್ತ ಕೀ ತಿರುಗಿಸಿ. (ಹೆಡ್‌ಲೈಟ್ ಬೇಡ, ಕೆಲವು ಕಾರುಗಳಲ್ಲಿ ಸ್ಟಾರ್ಟ್ ಮಾಡುವಾಗ ಅದು ತಾನಾಗಿ ಆರುತ್ತದೆ.) ದೀಪ ಪೂರ್ತಿ ಆರಿದರೆ ಬ್ಯಾಟರಿಯ ಟರ್ಮಿನಲ್ ಕ್ಲ್ಯಾಂಪ್ ಸಡಿಲ. ತೀರಾ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಮೋಟರು ಕರೆಂಟ್ ಎಳೆದರೂ ಸಿಕ್ಕಿಹಾಕಿಕೊಂಡಿದೆ. ದೀಪ ಕದಲದೆ ಉರಿಯುತ್ತಿದ್ದರೆ ಮೋಟರಿಗೆ ಕರೆಂಟೇ ಹೋಗುತ್ತಿಲ್ಲ. ನಿಮ್ಮಲ್ಲಿ ಹೀಗೇ ಆಗುತ್ತದೆ ಎಂದು ನನ್ನ ಅಂದಾಜು.

ಜಂಪರ್ ಕೇಬಲ್ ಇದ್ದರೆ ಕಪ್ಪು ವೈರು ಒಂದನ್ನೇ ತೆಗೆದುಕೊಳ್ಳಿ. ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಎಂಜಿನ್ನಿನ ಬಣ್ಣವಿಲ್ಲದ ಬರಿ ಲೋಹಕ್ಕೆ. ಎಂಜಿನ್ ಎತ್ತಲು ಇಟ್ಟ ಕೊಕ್ಕೆ ಸಿಕ್ಕರೆ ಅದಕ್ಕೇ ಕಚ್ಚಿಸಿ. ಬೆಲ್ಟು, ಫ್ಯಾನಿನಿಂದ ವೈರು ದೂರವಿರಲಿ. ಈಗ ಕೀ ತಿರುಗಿಸಿದಾಗ ಸ್ಟಾರ್ಟ್ ಆದರೆ ತಪ್ಪು ಅರ್ತಿಂಗಿನದೇ, ಬೇರೆ ಪುರಾವೆ ಬೇಡ.

ಆಗಲಿಲ್ಲವೇ? ಕೈಗೆಟುಕುವಂತಿದ್ದರೆ, ಒಬ್ಬರು ಕೀ ತಿರುಗಿಸಿ ಹಿಡಿದಿರುವಾಗ ಇನ್ನೊಬ್ಬರು ಸೆಲ್ಫ್ ಮೋಟರಿನ ಮೈಗೆ ವೀಲ್ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಲಿ. ತಟ್ಟಿದಾಗ ತಿರುಗಿದರೆ ಬ್ರಷ್ ಅಥವಾ ತಾಮ್ರದ ತುಂಡು ಸವೆದಿದೆ. ಸೈಲೆನ್ಸರಿನ ಪೈಪು ಹತ್ತಿರವೇ ಇರುತ್ತದೆ, ಕೈ ಜೋಪಾನ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಿ ಸ್ಟಾರ್ಟ್ ಮಾಡುವ ವಿದ್ಯೆ ರಸ್ತೆಬದಿಯಲ್ಲಿ ಯಾರಾದರೂ ತೋರಿಸಿಯಾರು. ಗಾಡಿ ಗೇರಿನಲ್ಲಿದ್ದರೆ ಎದುರು ನಿಂತವರ ಮೇಲೇ ಹರಿಯುತ್ತದೆ, ಆ ಕೆಲಸ ಬೇಡ. ಕೀಯನ್ನು ಒತ್ತಿ ಹಿಡಿದು ಮತ್ತೆ ಮತ್ತೆ ಎಳೆಯುವುದೂ ಬೇಡ. 1912ರ ಮಾದರಿಯ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಈ ಸೆಲ್ಫ್ ಕೂರಿಸಿದ್ದೇ, ಸಣ್ಣ ಮೋಟರಿನ ಮೇಲೆ ಅದರ ಶಕ್ತಿ ಮೀರಿದ ಭಾರವನ್ನು ಕೆಲವೇ ಸೆಕೆಂಡು ಹೇರಬಹುದು ಎಂಬ ಲೆಕ್ಕದ ಮೇಲೆ. ಇಂದಿಗೂ ಲೆಕ್ಕ ಅದೇ. ಹತ್ತು ಸೆಕೆಂಡು ಮೀರಬಾರದು, ನಡುವೆ ಬಿಡುವು ಕೊಡಬೇಕು.

ಊರಿಗೆ ಬಂದ ಮೇಲೆ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಬಳಿ ಹೋಗಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ (ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ), ಇನ್ನೊಂದು ಎಂಜಿನ್ ಮೈಗೆ ಇಟ್ಟು ಸೆಲ್ಫ್ ಹೊಡೆಯುವಾಗ ಅಂಕಿ ನೋಡಲು ಹೇಳಿ. 0.2 ವೋಲ್ಟಿನ ಆಸುಪಾಸು ಇರಬೇಕು. 0.5 ದಾಟಿದರೆ ಅರ್ತಿಂಗ್ ಬಿಚ್ಚಿ ಉಜ್ಜಲೇಬೇಕು. ಈ ಪರೀಕ್ಷೆಯ ಗುಣವೇನೆಂದರೆ, ಕಾರು ಸರಿಯಾಗಿ ಸ್ಟಾರ್ಟ್ ಆಗುವ ದಿನವೂ ದೋಷವನ್ನು ತೋರಿಸಬಲ್ಲದು. ಪ್ಲಸ್ ಕಂಬದಿಂದ ಸೆಲ್ಫ್‌ನ ದಪ್ಪ ಬೋಲ್ಟಿನವರೆಗೆ ಇದೇ ರೀತಿ ನೋಡಿದಾಗ 0.5 ವೋಲ್ಟ್ ಮೀರಬಾರದು. ಎರಡೂ ಸರಿಯಿದ್ದರೆ ಸೆಲ್ಫ್ ಇಳಿಸಿ ಬಿಚ್ಚಿಸಿ. ಬ್ರಷ್ ಮತ್ತು ಸೊಲೆನಾಯ್ಡ್ ಎಷ್ಟೋ ಕಾರುಗಳಿಗೆ ಬಿಡಿಯಾಗಿ ಸಿಗುತ್ತವೆ. ಇಡೀ ಸೆಲ್ಫ್ ಬದಲಿಸಬೇಕೆಂದರೆ ಸವೆದ ಭಾಗವನ್ನು ಕಣ್ಣಾರೆ ತೋರಿಸಲು ಕೇಳಿ.

ಸೆಲ್ಫ್ ಗರಗರ ತಿರುಗಿಯೂ ಎಂಜಿನ್ ಹಿಡಿಯದವರಿಗೆ ಈ ಉತ್ತರ ಅಲ್ಲ. ಅವರು ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪಿನ ಎರಡು ಸೆಕೆಂಡಿನ ಗುಂಯ್‌ಗುಡುವಿಕೆ ಕೇಳುತ್ತದೆಯೇ ನೋಡಲಿ, ಸೆಲ್ಫ್ ತಿರುಗುವಾಗ ಆರ್‌ಪಿಎಂ ಮುಳ್ಳು ಅಲುಗಾಡುತ್ತದೆಯೇ ಗಮನಿಸಲಿ. ಅದು ಸತ್ತಂತೆ ಬಿದ್ದಿದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಬಿಸಿಯಲ್ಲಿ ಕೈಕೊಟ್ಟು ಆರಿದಾಗ ಸರಿಹೋಗುವ ಚಾಳಿ ಅದಕ್ಕೂ ಇದೆ.

ನೀವು ಮಾತ್ರ ಸದ್ಯ ಯಾವ ಸಾಮಾನನ್ನೂ ಕೊಳ್ಳಬೇಡಿ. ಗೇರ್‌ಬಾಕ್ಸ್ ಬಳಿಯ ಅರ್ತಿಂಗ್ ಬೋಲ್ಟ್ ಬಿಚ್ಚಿಸಿ, ಲಗ್ಗು ಮತ್ತು ಲೋಹ ಎರಡನ್ನೂ ಎಮರಿ ಪೇಪರಿನಿಂದ ಹೊಳೆಯುವಂತೆ ಉಜ್ಜಿಸಿ, ಬಿಗಿಯಾಗಿ ಕೂರಿಸಿ. ಆಮೇಲೂ ಮುಂಡಗೋಡದಲ್ಲಿ ಕಾರು ಹಟ ಹಿಡಿದರೆ ಚಾವಣಿ ದೀಪ ಏನಾಯಿತು, ಮೀಟರು ಎಷ್ಟು ತೋರಿಸಿತು ಎಂಬುದನ್ನು ಬರೆದು ಕಳಿಸಿ.