ಧ್ವನಿವರ್ಧಕದ ಅಂತರಂಗ

ವಸ್ತುವೊಂದನ್ನು ಬಳಸುವುದು ಬೇರೆ, ಅದನ್ನು ಅರಿಯುವುದು ಬೇರೆ. ದಿನವೂ ಕೈಯಾಡಿಸುವ ಎಷ್ಟೋ ಉಪಕರಣಗಳ ಒಳಗು ಬಳಸುವವರಿಗೆ ಅಪರಿಚಿತವಾಗಿಯೇ ಉಳಿಯುತ್ತದೆ. ಅವು ಕೆಟ್ಟರೆ ಕಸಕ್ಕೆ ಸೇರುತ್ತವೆ. ಹಳೆಯ ಕಂಪ್ಯೂಟರಿನ ಇಕ್ಕೆಲಗಳಲ್ಲಿ ಇರುತ್ತಿದ್ದ ಜೋಡಿ ಸ್ಪೀಕರುಗಳೂ ಅಂಥ ಉಪಕರಣಗಳೇ. ಆದರೆ ತಾಳ್ಮೆಯಿಂದ ಬಿಚ್ಚಿ ನೋಡುವವರಿಗೆ ಅವು ಒಂದು ಪಾಠಶಾಲೆಯೇ ಆಗಬಲ್ಲವು.

ಹೀಗೆ ಬಿಚ್ಚಿದ ಸ್ಪೀಕರುಗಳಿಗೆ ಹವ್ಯಾಸಿಗಳು ಕಂಡುಕೊಂಡಿರುವ ಒಂದು ಹೊಸ ನೆಲೆ ವಿಡಿಯೋ ಆಟದ ಪೆಟ್ಟಿಗೆ. ಆಳೆತ್ತರದ ಮರದ ಕಪಾಟು, ಅದರಲ್ಲಿ ಒಂದು ಪರದೆ, ಕೈಗೆ ಎಟಕುವಂತೆ ಹಿಡಿಕೆ ಮತ್ತು ಗುಂಡಿಗಳು: ಇದೇ ಅದರ ಸ್ವರೂಪ. 1972ರಲ್ಲಿ ಅಮೆರಿಕದಲ್ಲಿ ‘ಪಾಂಗ್’ ಎಂಬ ಆಟವೂ 1978ರಲ್ಲಿ ಜಪಾನಿನಲ್ಲಿ ‘ಸ್ಪೇಸ್ ಇನ್ವೇಡರ್ಸ್’ ಎಂಬ ಆಟವೂ ಇಂಥ ಪೆಟ್ಟಿಗೆಗಳಲ್ಲಿ ಬಂದು ಜನಪ್ರಿಯವಾದವು. ಎರಡನೆಯ ಆಟದಲ್ಲಿ ಶತ್ರುಗಳು ಸಮೀಪಿಸಿದಂತೆಲ್ಲ ಎದೆಬಡಿತದಂಥ ಸದ್ದು ತೀವ್ರವಾಗುತ್ತಿತ್ತು. ಆಟದ ರೋಮಾಂಚನದಲ್ಲಿ ಕಣ್ಣಿನಷ್ಟೇ ಪಾಲು ಕಿವಿಗೂ ಉಂಟೆಂಬುದನ್ನು ಅದು ತೋರಿಸಿಕೊಟ್ಟಿತು. ಇಂದು ಹವ್ಯಾಸಿಗಳು ಪ್ಲೈವುಡ್ ಹಲಗೆ, ಹಳೆಯ ಪರದೆ, ಅಂಗೈಯಗಲದ ಕಂಪ್ಯೂಟರ್ ಇವುಗಳನ್ನು ಜೋಡಿಸಿ ಮನೆಯಲ್ಲಿಯೇ ಇಂಥ ಪೆಟ್ಟಿಗೆಯನ್ನು ನಿರ್ಮಿಸುತ್ತಾರೆ.

ಮನೆಯಲ್ಲಿಯೇ ಯಂತ್ರವನ್ನು ಅಣಿಗೊಳಿಸುವ ಹವ್ಯಾಸ ಕನ್ನಡನಾಡಿಗೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅದು ‘ಆಕಾಶವಾಣಿ’ ಎನಿಸಿತು. ಮುಂದೆ ಆ ಹೆಸರೇ ಭಾರತದ ಸರಕಾರಿ ಬಾನುಲಿಗೂ ಸಂದಿತು.

ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಸಂತಪುರದಲ್ಲಿ ಒಬ್ಬ ವಿದ್ಯಾರ್ಥಿ ಇಂಥ ಆಟದ ಪೆಟ್ಟಿಗೆಗಾಗಿ ಹಳೆಯ ಸ್ಪೀಕರುಗಳನ್ನು ಬಿಚ್ಚಲು ಕುಳಿತಿರುವನೆಂದು ಭಾವಿಸಬಹುದು. ಅವನು ಮೊದಲು ಮಾಡಬೇಕಾದುದು ವಿದ್ಯುತ್ ಸಂಪರ್ಕವನ್ನು ಸಂಪೂರ್ಣವಾಗಿ ಕಡಿಯುವುದು. ಹಿರಿಯರೊಬ್ಬರನ್ನು ಜೊತೆಯಲ್ಲಿ ಇರಿಸಿಕೊಳ್ಳುವುದು. ಸ್ವಿಚ್ಚನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕೆಲಕಾಲ ಕಾಯಬೇಕು. ಏಕೆಂದರೆ ಒಳಗಿನ ಕೆಪಾಸಿಟರುಗಳು ವಿದ್ಯುತ್ತನ್ನು ಕೂಡಿಟ್ಟುಕೊಂಡಿರುತ್ತವೆ. ಹಳೆಯ ಚಿತ್ರನಳಿಕೆಯ ಟೆಲಿವಿಷನ್ನಿನಲ್ಲಂತೂ ಸಾವಿರಾರು ವೋಲ್ಟುಗಳು ಉಳಿದಿರಬಹುದು. ವಿದ್ಯಾರ್ಥಿಗಳು ಅದನ್ನು ತೆರೆಯಲೇಬಾರದು.

ಸ್ಪೀಕರಿನ ಹಿಂಬದಿಯ ಸ್ಕ್ರೂಗಳು ಕೆಲವೊಮ್ಮೆ ರಬ್ಬರಿನ ಪಾದಗಳ ಅಡಿಯಲ್ಲಿ ಅಡಗಿರುತ್ತವೆ. ಬಲವಂತ ಮಾಡಿದರೆ ಪ್ಲಾಸ್ಟಿಕ್ ಸೀಳುತ್ತದೆ. ಬೀದರಿನ ಬಿದರಿ ಕುಶಲಕರ್ಮಿ ಬೆಳ್ಳಿಯ ಎಳೆಯನ್ನು ಕೂರಿಸುವಾಗ ತೋರುವ ತಾಳ್ಮೆಯೇ ಇಲ್ಲಿಯೂ ಬೇಕು. ಯಾವ ತಂತಿ ಎಲ್ಲಿಗೆ ಸೇರಿತ್ತೆಂಬುದನ್ನು ಚಿತ್ರ ಬರೆದು ಗುರುತಿಸಿಕೊಂಡ ಬಳಿಕವೇ ಅದನ್ನು ಬಿಡಿಸಬೇಕು.

ಎರಡು ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಒಂದರೊಳಗೆ ಮಾತ್ರ ವಿದ್ಯುತ್ ಮಂಡಲವಿರುತ್ತದೆ. ಅಲ್ಲಿರುವ ಭಾರವಾದ ಪರಿವರ್ತಕವು ಮನೆಯ 230 ವೋಲ್ಟುಗಳನ್ನು ಹತ್ತು ಹದಿನೈದು ವೋಲ್ಟುಗಳಿಗೆ ಇಳಿಸುತ್ತದೆ. ಡಯೋಡುಗಳು ಪರ್ಯಾಯ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಿಸುತ್ತವೆ. ಕೆಪಾಸಿಟರ್ ಅದರ ಏರಿಳಿತವನ್ನು ಸಮಗೊಳಿಸುತ್ತದೆ. ಹಳೆಯ ಸ್ಪೀಕರುಗಳಲ್ಲಿ ‘ಗುಂಯ್’ ಎಂಬ ನಿರಂತರ ಸದ್ದು ಕೇಳಿಬಂದರೆ, ಅನೇಕ ವೇಳೆ ಈ ಕೆಪಾಸಿಟರ್ ಮುಪ್ಪಾಗಿದೆಯೆಂದೇ ಅರ್ಥ. ಕಂಪ್ಯೂಟರಿನಿಂದ ಬಂದ ಕ್ಷೀಣ ಸಂಕೇತವನ್ನು ಬಲಪಡಿಸುವುದು ಲೋಹದ ತಗಡಿಗೆ ಅಂಟಿದ ಒಂದು ಪುಟ್ಟ ಚಿಪ್. ತಾನು ಕಾಯುವ ಶಾಖವನ್ನು ಅದು ಆ ತಗಡಿನ ಮೂಲಕ ಹೊರಹಾಕುತ್ತದೆ.

ಸದ್ದು ಹುಟ್ಟುವ ಸ್ಥಳ ಮಾತ್ರ ಇನ್ನೂ ಸರಳ. ಒಂದು ಕಾಗದದ ಶಂಕು, ಅದರ ಬುಡದಲ್ಲಿ ತಾಮ್ರದ ತೆಳುತಂತಿಯ ಸುರುಳಿ, ಸುರುಳಿಯ ಸುತ್ತ ಒಂದು ಕಾಂತ, ಇಷ್ಟೇ. ವಿದ್ಯುತ್ ಹರಿಯುವ ತಂತಿಯು ದಿಕ್ಸೂಚಿಯ ಸೂಜಿಯನ್ನು ತಿರುಗಿಸುವುದೆಂದು 1820ರಲ್ಲಿ ಡೆನ್ಮಾರ್ಕಿನ ಅರ್‌ಸ್ಟೆಡ್ ಕಂಡುಕೊಂಡನು. ಆ ತತ್ತ್ವದ ಫಲವೇ ಇಲ್ಲಿಯೂ ಕಾಣುತ್ತದೆ. ಸುರುಳಿಯಲ್ಲಿ ವಿದ್ಯುತ್ ಹಿಂದುಮುಂದಾಗಿ ಹರಿದಂತೆ ಶಂಕು ಹಿಂದುಮುಂದಾಗಿ ಕಂಪಿಸಿ ಗಾಳಿಯನ್ನು ತಳ್ಳುತ್ತದೆ. ಇಂದಿನ ಸ್ಪೀಕರುಗಳ ಮೂಲಮಾದರಿಯನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರರು 1925ರಲ್ಲಿ ಪ್ರಕಟಪಡಿಸಿದರು. ಬಿಡಿಸಿದ ಸ್ಪೀಕರಿನ ಎರಡು ತುದಿಗಳಿಗೆ ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದರೆ ‘ಟಕ್’ ಎಂದು ಶಂಕು ಮುಂದಕ್ಕೆ ಜಿಗಿಯುತ್ತದೆ; ಸೆಲ್ಲನ್ನು ತಿರುಗಿಸಿ ಹಿಡಿದರೆ ಹಿಂದಕ್ಕೆ ಸರಿಯುತ್ತದೆ.

ಆ ವಿದ್ಯಾರ್ಥಿ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಬರಿದೆಂದು ಬದಿಗೆ ಎಸೆದು, ಬರಿಯ ಸ್ಪೀಕರುಗಳಿಗೆ ತಂತಿ ಜೋಡಿಸಿ ಮೇಜಿನ ಮೇಲಿರಿಸಿದರೆ ಅವನಿಗೊಂದು ಅಚ್ಚರಿ ಕಾದಿರುತ್ತದೆ. ಸದ್ದು ಬರುತ್ತದೆ, ಆದರೆ ಅದರಲ್ಲಿ ತುಂಬುತನವಿಲ್ಲ. ಡೋಲಿನ ಗಂಭೀರ ನಾದ ಮಾಯವಾಗಿ ಕೀಚಲು ಸ್ವರವಷ್ಟೇ ಉಳಿದಿರುತ್ತದೆ. ಯಾವ ಭಾಗವೂ ಕೆಟ್ಟಿಲ್ಲ, ಹಾಗಾದರೆ ಕಳೆದುಹೋದುದೇನು?

ಶಂಕು ಮುಂದಕ್ಕೆ ಚಲಿಸಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ವಿರಳವಾಗುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಸೆಕೆಂಡಿಗೆ 100 ಬಾರಿ ಕಂಪಿಸುವ ಮಂದ್ರಸ್ವರದ ತರಂಗದ ಉದ್ದ ಸುಮಾರು 3.4 ಮೀಟರು. ಅಷ್ಟು ದೀರ್ಘವಾದ ತರಂಗಕ್ಕೆ ಅಂಗೈಯಗಲದ ಶಂಕು ಅಡ್ಡಿಯೇ ಅಲ್ಲ. ಮುಂದಿನ ಒತ್ತಡ ಅಂಚನ್ನು ಬಳಸಿ ಹಿಂದಕ್ಕೆ ನುಸುಳುತ್ತದೆ; ಮುಂದಿನದೂ ಹಿಂದಿನದೂ ಕೂಡಿ ಒಂದನ್ನೊಂದು ಅಳಿಸಿಹಾಕುತ್ತವೆ. ತಾರಸ್ವರಗಳ ತರಂಗಗಳು ಕೆಲವೇ ಸೆಂಟಿಮೀಟರಿನಷ್ಟಾದುದರಿಂದ ಹೆಚ್ಚು ಹಾನಿಗೆ ಒಳಗಾಗದೆ ಉಳಿಯುತ್ತವೆ. ಹಿಂದಿನ ತರಂಗವನ್ನು ಮುಂದಿನದರಿಂದ ಬೇರ್ಪಡಿಸುತ್ತಿದ್ದುದು ಆ ಬರಿದಾದ ಪೆಟ್ಟಿಗೆ! ನಿರುಪಯುಕ್ತವೆಂದು ತೋರಿದ ಅದೇ ಸ್ಪೀಕರಿನ ಅರ್ಧ ಜೀವವಾಗಿದ್ದಿತು.

ತತ್ವಪದ ಹಾಡುವವರ ಏಕತಾರಿಯೂ ಇದನ್ನೇ ಸಾರುತ್ತದೆ. ತಂತಿಯೊಂದನ್ನೇ ಮಿಡಿದರೆ ಗಾಳಿ ಅದರ ಸುತ್ತ ನುಸುಳಿಹೋಗಿ ಸದ್ದು ಕಿವಿಗೆ ಮುಟ್ಟುವುದಿಲ್ಲ. ಟೊಳ್ಳಾದ ಬುರುಡೆಯನ್ನು ಸೇರಿದಾಗ ಅದೇ ತಂತಿ ಊರಿಗೆಲ್ಲ ಕೇಳಿಸುತ್ತದೆ.

ಕಾರಣ ತಿಳಿದ ಮೇಲೆ ಪರಿಹಾರ ಸುಲಭ. ಆಟದ ಪೆಟ್ಟಿಗೆಯ ಹಲಗೆಯಲ್ಲಿ ಶಂಕುವಿನಷ್ಟು ದುಂಡಾದ ರಂಧ್ರ ಕೊರೆದು, ಸ್ಪೀಕರನ್ನು ಸಂದಿಲ್ಲದಂತೆ ಬಿಗಿದು, ಹಿಂಬದಿಯನ್ನು ಒಂದು ಮುಚ್ಚಿದ ಗೂಡಿನಿಂದ ಆವರಿಸಬೇಕು. ಎರಡು ಸ್ಪೀಕರುಗಳ ಶಂಕುಗಳೂ ಏಕಕಾಲದಲ್ಲಿ ಮುಂದಕ್ಕೆ ಚಲಿಸುವಂತೆ ತಂತಿಗಳನ್ನು ಜೋಡಿಸಬೇಕು; ಒಂದು ತಲೆಕೆಳಗಾದರೂ ಮಂದ್ರಸ್ವರ ಮತ್ತೆ ಕುಗ್ಗುತ್ತದೆ. ಇದನ್ನು ತಿಳಿಯಲು ಸೆಲ್ಲಿನ ಪರೀಕ್ಷೆಯೇ ಸಾಕು.

ಉಳಿದ ಬಿಡಿಭಾಗಗಳನ್ನು ಸುಡುವುದಾಗಲಿ ತಿಪ್ಪೆಗೆ ಎಸೆಯುವುದಾಗಲಿ ಸಲ್ಲದು. ಹಳೆಯ ಬೆಸುಗೆಯಲ್ಲಿ ಸೀಸವಿರುತ್ತದೆ. ಸುಟ್ಟ ಪ್ಲಾಸ್ಟಿಕ್ ವಿಷದ ಹೊಗೆಯನ್ನು ಕಾರುತ್ತದೆ. ಇಂಥ ಇ-ತ್ಯಾಜ್ಯದ ನಿರ್ವಹಣೆಗಾಗಿ ಭಾರತ ಸರಕಾರ 2022ರಲ್ಲಿ ರೂಪಿಸಿದ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ವಸ್ತುವನ್ನು ಇನ್ನಷ್ಟು ಕಾಲ ಬಾಳಿಸುವುದು ತ್ಯಾಜ್ಯವನ್ನು ತಗ್ಗಿಸುವ ಮೊದಲ ಹೆಜ್ಜೆ.

ಬಿಚ್ಚುವುದಕ್ಕೆ ಸ್ಕ್ರೂಡ್ರೈವರ್ ಸಾಕು. ಮರಳಿ ಜೋಡಿಸುವುದಕ್ಕೆ ಅರಿವು ಬೇಕು. ಯಾವ ಭಾಗ ಯಾವ ಕಾರ್ಯಕ್ಕಾಗಿ ಇದೆಯೆಂದು ಕೇಳದೆ ಯಾವುದನ್ನೂ ವ್ಯರ್ಥವೆನ್ನದಿರುವುದೇ ಆ ಅರಿವಿನ ಆರಂಭ.

ಅಭ್ಯಾಸ

1. ಸ್ಪೀಕರನ್ನು ಬಿಚ್ಚುವ ಮುನ್ನ ವಹಿಸಬೇಕಾದ ಎಚ್ಚರಿಕೆಗಳಾವುವು?
2. ಪೆಟ್ಟಿಗೆಯಿಲ್ಲದ ಸ್ಪೀಕರಿನಲ್ಲಿ ಮಂದ್ರಸ್ವರ ಕ್ಷೀಣಿಸುವುದೇಕೆ?
3. ಸ್ಪೀಕರಿಗೂ ಏಕತಾರಿಗೂ ಇರುವ ಹೋಲಿಕೆಯನ್ನು ವಿವರಿಸಿರಿ.
4. ‘ಬಿಚ್ಚುವುದಕ್ಕೆ ಸ್ಕ್ರೂಡ್ರೈವರ್ ಸಾಕು, ಮರಳಿ ಜೋಡಿಸುವುದಕ್ಕೆ ಅರಿವು ಬೇಕು.’ ಈ ಮಾತನ್ನು ಸಮರ್ಥಿಸಿರಿ.